ಕುದುರೆ ಡಾಕ್ಟರ ವಾಚು

ಸಂಜೆಯೊಳಗೆ ಹೇಳಿಬಿಡಬೇಕಿತ್ತು, ಇದೋ ಅದೋ ಅಂತ. ಎರಡು ವಾಚಿನ ಕಡೆಯವರೂ ಮೊದಲೇ ಮಾತಾಡಿಕೊಂಡವರ ಹಾಗೆ ಇವತ್ತಿನವರೆಗೆ ಮಾತ್ರ ಕಾಯುತ್ತೇವೆ ಅಂದಿದ್ದರು. ಸ್ಕ್ಯಾನ್ ಕೋಣೆಯ ಈಚೆ, ಗಾಜಿನ ಹಿಂದೆ ಕೂತು ಅವನು ತನ್ನ ಎಡಗೈ ನೋಡಿಕೊಂಡ. ಬೋಳು ಮಣಿಕಟ್ಟು. ಈ ಕೆಲಸಕ್ಕೆ ಸೇರಿದಾಗಿನಿಂದ ಹಗಲೆಲ್ಲ ಅದು ಬೋಳೇ. ಗಾಜಿನಾಚೆ ಬಾಯಿ ತೆರೆದು ಕೂತಿರುವ ಯಂತ್ರ ಅಂದರೆ ಒಂದು ದೊಡ್ಡ ಆಯಸ್ಕಾಂತ. ರೋಗಿ ಇರಲಿ ಬಿಡಲಿ, ಅದು ಎಳೆಯುತ್ತಲೇ ಇರುತ್ತದೆ. ಕೀಲಿಕೈ, ನಾಣ್ಯ, ತಲೆಪಿನ್ನು, ವಾಚು, ಯಾವುದೂ ಆ ಬಾಗಿಲು ದಾಟಬಾರದು. ದಾಟದಂತೆ ನೋಡಿಕೊಳ್ಳುವುದೇ ಅವನ ಉದ್ಯೋಗದ ಅರ್ಧ ಪಾಲು. ‘ಬಾಗಿಲಲ್ಲೇ ಬಿಚ್ಚಿಡೋ ವಾಚಿಗೆ ಇಷ್ಟು ಒದ್ದಾಟವಾ ರೀ? ಯಾರಿಗೆ ತೋರಿಸ್ತೀರಾ, ಲಾಕರಿಗಾ?’ ಎಂದು ಹೆಂಡತಿ ಬೆಳಿಗ್ಗೆ ಬಟ್ಟೆ ಮಡಿಸುತ್ತಾ ನಕ್ಕಿದ್ದಳು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ಅವನಿಗೆ ಸಿಟ್ಟು ಬಂದಿತ್ತು. ಅವನ ಮುಂದಿದ್ದದ್ದು ಎರಡು ವಾಚು. ಒಂದು, ಎಲ್ಲಿಯದೋ ಗಂಡ ಹೆಂಡತಿ ಇಬ್ಬರೇ ಒಂದು ಕೋಣೆಯಲ್ಲಿ ಕೂತು ಜೋಡಿಸುವಂಥದ್ದು. ಅಂಗಡಿ ಇಲ್ಲ, ಜಾಹೀರಾತಿಲ್ಲ. ಒಂದಿಷ್ಟು ಮಾಡಿ, ಮಾರಿ, ಮತ್ತೆ ಶುರುಮಾಡುತ್ತಾರೆ. ಸ್ಲೇಟಿನ ಬಣ್ಣದ ಮುಖ, ತೆಳ್ಳನೆ ಮುಳ್ಳು, ಅಷ್ಟೇ. ಏನಾದರೂ ಕೇಳಿದರೆ ಮಾಡುವವನೇ ಉತ್ತರ ಬರೆಯುತ್ತಾನೆ. ನಿಮ್ಮ ಮಣಿಕಟ್ಟಿನ ಸುತ್ತಳತೆ ಕಳಿಸಿ, ಪಟ್ಟಿಯನ್ನು ಅದಕ್ಕೆ ಸರಿಯಾಗಿ ಕತ್ತರಿಸುತ್ತೇನೆ ಎಂದು ಬರೆದಿದ್ದ. ಇವನು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ದಾರ ಸುತ್ತಿ ಅಳೆದಿದ್ದ. ಇದಕ್ಕೆ ಬಾಗಿಲು ಯಾಕೆ ಹಾಕಿಕೊಂಡೆ ಅಂತ ಆಮೇಲೆ ಯೋಚನೆ ಬಂದಿತ್ತು. ಇನ್ನೊಂದು, ಹೆಸರು ಹೇಳಿದರೆ ಸಾಕು ಎದುರಿನವರ ಹುಬ್ಬು ಏರುವಂಥದ್ದು. ಕೂಡಿಟ್ಟದ್ದಷ್ಟೂ ಅದೊಂದಕ್ಕೇ ಹೋಗುತ್ತಿತ್ತು. ಅವನಿಗೆ ಇಷ್ಟವಾದದ್ದು ಚಿಕ್ಕದು, ಬೇಕಾದದ್ದು ದೊಡ್ಡದು, ಮತ್ತು ಈ ಎರಡರ ನಡುವೆ ತಿಂಗಳುಗಟ್ಟಲೆ ಮೀನ ಮೇಷ ಎಣಿಸುತ್ತಿದ್ದ.

ಚಿಕ್ಕದನ್ನೇ ತೆಗೆದುಕೊಂಡು ಸುಮ್ಮನಿರುತ್ತಿದ್ದನೋ ಏನೋ, ಷಡ್ಡಕ ಇಲ್ಲದಿದ್ದರೆ. ಹೆಂಡತಿಯ ಅಕ್ಕನ ಗಂಡ, ಮನೆ ಕಟ್ಟಿಸಿ ಮಾರುವವನು, ಮಾತಾಡುವಾಗ ಎಡಗೈಯನ್ನೇ ಮುಂದೆ ಬಿಡುವವನು. ಅವನ ಮನೆಯ ಊಟದ ಮೇಜಿನ ಮೇಲೆ ಇವನ ಫೋನು ತೆರೆದೇ ಬಿದ್ದಿತ್ತು, ಅದರಲ್ಲಿ ಸ್ಲೇಟಿನ ಬಣ್ಣದ ಮುಖ. ಷಡ್ಡಕ ಫೋನು ಎತ್ತಿಕೊಂಡು, ಕಣ್ಣಿಗೆ ಹತ್ತಿರ ತಂದು, ದೂರ ಹಿಡಿದು, ‘ಇದ್ಯಾವ ಕಂಪನಿ ಗುರುವೇ? ಹೆಸರೇ ಕೇಳಿಲ್ವಲ್ಲ’ ಅಂದ. ಅಷ್ಟೇ. ಬೈಯಲಿಲ್ಲ, ಹೀಯಾಳಿಸಲಿಲ್ಲ. ಇವನು ತಕ್ಷಣ, ‘ನನಗಲ್ಲ, ಫ್ರೆಂಡ್ ಒಬ್ಬ ನೋಡು ಅಂತ ಕಳಿಸಿದ್ದ’ ಅಂದುಬಿಟ್ಟ. ಎದುರು ಕೂತಿದ್ದ ಹೆಂಡತಿ ತಟ್ಟೆಯಿಂದ ತಲೆ ಎತ್ತಿ ಅವನನ್ನೇ ಒಂದು ಕ್ಷಣ ನೋಡಿ, ಮತ್ತೆ ಊಟ ಮುಂದುವರಿಸಿದಳು. ಬೈಕಿನಲ್ಲಿ ವಾಪಸು ಬರುವಾಗಲೂ ಅವಳು ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು. ಆಮೇಲೊಂದು ದಿನ ಒಬ್ಬನೇ ದೊಡ್ಡ ಅಂಗಡಿಗೆ ಹೋಗಿದ್ದ. ಕೈಗವಸು ಹಾಕಿದ ಹುಡುಗಿ ಮಖಮಲ್ಲಿನ ತಟ್ಟೆ ಇಟ್ಟು, ‘ಯಾರಿಗೆ ಸರ್, ಗಿಫ್ಟಾ?’ ಎಂದು ಕೇಳಿದಳು. ಅವನಿಗೇ ಇರಬಹುದು ಅಂತ ಅವಳಿಗೆ ಹೊಳೆಯಲೇ ಇಲ್ಲ. ‘ಹೌದು, ಗಿಫ್ಟು’ ಅಂದ. ಹಾಗಂದ ಮೇಲೆ ಕಟ್ಟಿ ನೋಡುತ್ತೇನೆ ಅನ್ನುವುದು ಹೇಗೆ? ಗಾಜಿನ ಮೇಲಿಂದಲೇ ನೋಡಿ, ಒಂದು ತೆಗೆದಿಡಿ ಎಂದು ಹೇಳಿ ಬಂದಿದ್ದ. ಹಾಗಾಗಿ ಇವತ್ತಿನವರೆಗೂ ಆ ವಾಚು ತನ್ನ ಕೈಮೇಲೆ ಹೇಗೆ ಕೂರುತ್ತದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಬಂದವರು ಒಬ್ಬರು ಮುದುಕರು, ಜೊತೆಗೆ ಮಗಳು. ಉದ್ದ ಕಾಲಿನ, ಸ್ವಲ್ಪ ಬಾಗಿದ ಮನುಷ್ಯ. ಜೀವಮಾನವೆಲ್ಲ ಕುದುರೆಗಳಿಗೆ ಔಷಧಿ ಕೊಟ್ಟವರಂತೆ. ‘ಎಲ್ರೂ ಕುದುರೆ ಡಾಕ್ಟರು ಅಂತಾರೆ. ನಮ್ಮ ರೋಗಿಗಳು ಒದೀತಿದ್ರು, ನಾನು ಒದೆಯಲ್ಲ, ಹೆದರಬೇಡ’ ಎಂದು ಅವರೇ ಹೇಳಿಕೊಂಡರು. ಮಗಳು ನಗಲಿಲ್ಲ. ನಗುವುದನ್ನು ಯಾವಾಗಲೋ ಬಿಟ್ಟವಳ ಹಾಗಿದ್ದಳು. ಮರೆವಿಗೆ ತಲೆಯ ಸ್ಕ್ಯಾನು. ಅಪ್ಪನ ಕನ್ನಡಕ, ಬೆಲ್ಟು, ಪರ್ಸು ಎಲ್ಲ ಅವಳೇ ತೆಗೆದು ಲಾಕರಿನಲ್ಲಿಟ್ಟು, ಕೀಲಿ ಹಿಡಿದುಕೊಂಡು, ಕೌಂಟರಿನವರು ಕರೆದರೆಂದು ಆಚೆ ಹೋದಳು. ಅವನು ಮುದುಕರನ್ನು ಬಾಗಿಲವರೆಗೆ ಕರೆದುಕೊಂಡು ಬಂದು, ಅಭ್ಯಾಸದಂತೆ ಮೈ ತಡವಿ ನೋಡುವಾಗ ಸ್ಕ್ಯಾನಿಗೆಂದು ಹಾಕಿಸಿದ್ದ ಅಂಗಿಯ ಉದ್ದ ತೋಳಿನೊಳಗೆ ಕೈಗೆ ಸಿಕ್ಕಿತು. ಅವನಿಗೆ ಬೇಕಾಗಿದ್ದ ಅದೇ ದೊಡ್ಡ ವಾಚು. ಹಳೆಯದು, ಅಂಚು ಸವೆದದ್ದು, ಆದರೆ ಅದೇ. ‘ಅಯ್ಯೋ, ಇದೊಂದು ಉಳಿದೇಬಿಟ್ತಲ್ಲ’ ಎಂದು ಅವರೇ ಬಿಚ್ಚಿದರು. ‘ಹೆಣ್ಣು ಕುದುರೆ ಒಂದು ಸಾಯಕ್ಕೆ ಬಿದ್ದಿತ್ತು. ಉಳೀತು. ಅದರ ಯಜಮಾನ ತನ್ನ ಕೈಯಿಂದ ಬಿಚ್ಚಿ ನನಗೆ ಕಟ್ಟಿದ. ದೊಡ್ಡ ವಾಚಂತೆ. ನಾನು ನಾಡಿ ನೋಡಕ್ಕೆ ಇಟ್ಕೊಂಡೆ.’ ಅವನ ಅಂಗೈಯಲ್ಲಿ ಅದನ್ನಿಟ್ಟು, ಬೆರಳುಗಳನ್ನು ತಾವೇ ಮಡಿಸಿ, ‘ನಿನ್ನ ಕೈಗೇ ಕೊಟ್ಟಿದೀನಿ. ನೆನಪಿಟ್ಕೋ ಅಪ್ಪಾ, ನನ್ನ ನೆನಪಿನ ಮೇಲೆ ಈಗ ಯಾರಿಗೂ ನಂಬಿಕೆ ಇಲ್ಲ’ ಎಂದು ನಕ್ಕರು. ಮಗಳನ್ನು ಕರೆದು ಕೀಲಿ ಕೇಳಬೇಕಿತ್ತು. ಆಮೇಲೆ ಇಟ್ಟರಾಯಿತು ಎಂದು ಅವನು ವಾಚನ್ನು ಈಚೆಯ ಮೇಜಿನ ಮೇಲಿಟ್ಟು, ಅವರನ್ನು ಒಳಗೆ ಮಲಗಿಸಿ, ತಲೆಗೆ ಪಂಜರದಂಥದ್ದನ್ನು ಹಾಕಿ, ಕೈಗೆ ರಬ್ಬರ್ ಬುಡ್ಡಿ ಕೊಟ್ಟ. ತುಂಬಾ ಕಷ್ಟವಾದರೆ ಒತ್ತಿ, ಬರುತ್ತೇನೆ ಅಂದ.

ಯಂತ್ರ ಬಡಿಯಲು ಶುರುಮಾಡಿತು. ಪರದೆಯ ಮೇಲೆ ಚಿತ್ರಗಳು ಒಂದೊಂದಾಗಿ ಬಂದವು. ಅವನು ಡಾಕ್ಟರಲ್ಲ, ಏನಿದೆ ಏನಿಲ್ಲ ಎಂದು ಹೇಳುವ ಹಕ್ಕು ಅವನಿಗಿಲ್ಲ, ಆದರೆ ದಿನವೂ ನೋಡುವ ಕಣ್ಣಿಗೆ ಕಾಣಿಸದೆ ಇರುತ್ತದೆಯೇ? ಮಿದುಳು ತುಂಬಿರಬೇಕಾದ ಕಡೆ ಕುಗ್ಗಿತ್ತು, ಕುಗ್ಗಿದ ಕಡೆಯೆಲ್ಲ ಕಪ್ಪು ನೀರು ನಿಂತಿತ್ತು. ಅಯ್ಯೋ ಪಾಪ, ಅಂದುಕೊಂಡ. ನಿಜವಾಗಿಯೂ ಅಂದುಕೊಂಡ. ಅದರ ಬೆನ್ನಿಗೇ, ಒಂದು ಉಸಿರಿನ ಅಂತರವೂ ಇಲ್ಲದೆ, ಇನ್ನೊಂದು ಯೋಚನೆ ಬಂತು: ಇವರಿಗೆ ಎಲ್ಲಿ ನೆನಪಿರುತ್ತೆ. ಆ ಯೋಚನೆಗೆ ಮುಂದಿನ ಮಾತು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೈ ಆಗಲೇ ಮೇಜಿನ ಮೇಲೆ ಹೋಗಿತ್ತು. ಕಟ್ಟಿ ನೋಡದೆ ನಿರ್ಧಾರ ಮಾಡುವುದು ಹೇಗೆ, ಒಂದು ನಿಮಿಷದ ವಿಷಯ, ಯಾರ ಗಂಟು ಹೋಯಿತು? ವಾಚು ತಣ್ಣಗಿತ್ತು, ಆಮೇಲೆ ಬೆಚ್ಚಗಾಯಿತು. ಪಟ್ಟಿ ಸ್ವಲ್ಪ ಸಡಿಲ. ಮುದುಕರ ಮಣಿಕಟ್ಟು ಇನ್ನೂ ತನ್ನದಕ್ಕಿಂತ ದಪ್ಪ, ಜೀವಮಾನವೆಲ್ಲ ಕುದುರೆ ಹಿಡಿದ ಕೈ. ಕೈಯನ್ನು ಹಾಗೆ ತಿರುಗಿಸಿ ಹೀಗೆ ತಿರುಗಿಸಿ ನೋಡಿದ. ಷಡ್ಡಕನ ಹಾಗೆ ಮೇಜಿನ ಅಂಚಿಗೆ ಒರಗಿಸಿ ಬಿಟ್ಟ. ‘ಓ ಇದಾ? ಹೀಗೇ ತಗೊಂಡೆ’ ಎಂದು ತುಟಿಯಲ್ಲೇ ಹೇಳಿ ನೋಡಿದ. ಚೆನ್ನಾಗಿ ಕಾಣಿಸುತ್ತಿತ್ತು, ಅದೇ ಕಷ್ಟ. ಕೆಟ್ಟದಾಗಿ ಕಂಡಿದ್ದರೆ ಬಿಚ್ಚಿಟ್ಟು ಚಿಕ್ಕದಕ್ಕೆ ಹೂಂ ಎಂದು ಬರೆದುಬಿಡುತ್ತಿದ್ದ. ತನ್ನ ಕೈ ತನ್ನದಲ್ಲ ಎನ್ನಿಸುವಷ್ಟು ಚೆನ್ನಾಗಿ ಕಾಣುತ್ತಿತ್ತು; ಬೇರೆಯವರು ಬಾಗಿಲು ತೆರೆದುಕೊಡುವಂಥವನ ಕೈ, ಯಾರಿಗೆ, ಗಿಫ್ಟಾ ಎಂದು ಯಾರೂ ಕೇಳದವನ ಕೈ. ಗಾಜಿನಾಚೆ ಆ ಮನುಷ್ಯನ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು, ಕಾಲುಚೀಲದ ಹೆಬ್ಬೆರಳಿನ ಬಳಿ ಹೊಲಿಗೆ ಹಾಕಿತ್ತು. ಅವನು ಪಾದಗಳಿಂದ ಕಣ್ಣು ತೆಗೆದು ಮತ್ತೆ ವಾಚನ್ನೇ ನೋಡಿದ.

ಆಗ ಬುಡ್ಡಿಯ ಗಂಟೆ ಹೊಡೆದುಕೊಂಡಿತು. ಒಂದು ಸಲವಲ್ಲ, ಬಿಡದೆ. ಪಾದಗಳು ಒದ್ದಾಡುತ್ತಿದ್ದವು. ಹೆದರಿದ ರೋಗಿ ಎದ್ದು ಕೂರಲು ಹೋದರೆ ತಲೆ ಪಂಜರಕ್ಕೆ ಬಡಿಯುತ್ತದೆ. ಅವನು ಯಂತ್ರದ ಬಡಿತ ನಿಲ್ಲಿಸಿ, ಬಾಗಿಲು ತಳ್ಳಿ ಓಡಿದ. ಇಷ್ಟು ವರ್ಷ ಪ್ರತಿಯೊಬ್ಬರಿಗೂ ಹೇಳಿದ ಮಾತು ಅವನಿಗೇ ಹೊಳೆಯಲಿಲ್ಲ. ಮಂಚ ಹೊರಗೆ ಎಳೆಯಲು ಎಡಗೈ ಚಾಚಿದಾಗ ಮಣಿಕಟ್ಟನ್ನು ಯಾರೋ ಹಿಡಿದು ಮುಂದಕ್ಕೆ ಎಳೆದಂತಾಯಿತು. ನೋಡಿಕೊಂಡ. ವಾಚು ಕೈಮೇಲೇ ಇತ್ತು. ಹಿಂದಕ್ಕೆ ಎಳೆದುಕೊಳ್ಳುವ ಮುಂಚೆಯೇ ಮುದುಕರು ಆ ಕೈಯನ್ನೇ ಹಿಡಿದುಕೊಂಡರು, ಎರಡೂ ಕೈಯಲ್ಲಿ, ಬಿಡುವುದೇ ಇಲ್ಲವೆನ್ನುವಂತೆ. ‘ಇದ್ದೀಯಲ್ಲ? ಇದ್ದೀಯಲ್ಲಪ್ಪಾ?’ ಅನ್ನುತ್ತಿದ್ದರು. ‘ಇದ್ದೀನಿ ಸರ್, ಇಲ್ಲೇ ಇದ್ದೀನಿ’ ಅಂದ. ಅವರ ಬೆರಳು ವಾಚಿನ ಮೇಲೆಯೇ ಇತ್ತು. ಕೈ ಬಿಡಿಸಿಕೊಂಡು, ಬಾಗಿಲಾಚೆ ಬಂದು, ಬಿಚ್ಚಿ ಜೇಬಿಗೆ ಹಾಕಿಕೊಂಡು, ವಾಪಸು ಹೋಗಿ ಅವರನ್ನು ಸಮಾಧಾನ ಮಾಡಿ, ಉಳಿದ ಚಿತ್ರಗಳನ್ನು ಮುಗಿಸಿದ. ಆಮೇಲೆ ಗಾಜಿನ ಹಿಂದೆ ನಿಂತು ಜೇಬಿನಿಂದ ತೆಗೆದು ನೋಡಿದರೆ ಸೆಕೆಂಡಿನ ಮುಳ್ಳು ನಿಂತಿತ್ತು. ಅಲ್ಲಾಡಿಸಿದ. ಕಿವಿಗೆ ಹಿಡಿದ. ಊಹೂಂ.

ಮುಂದಿನದನ್ನು ಅವನು ಯೋಚಿಸಿ ಮಾಡಿದ್ದಲ್ಲ. ಹಾಗಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮುದುಕರು ತಮ್ಮ ಅಂಗಿಯ ಗುಂಡಿಗೆ ಒದ್ದಾಡುತ್ತಿದ್ದಾಗ, ಅವನು ಗುಂಡಿ ಹಾಕಿಕೊಟ್ಟು, ಹಾಗೇ ಕೈ ಎತ್ತಿಸಿ ವಾಚನ್ನೂ ಕಟ್ಟಿಬಿಟ್ಟ. ‘ನಿಮ್ಮ ವಾಚು ಸರ್.’ ಅದು ತನ್ನ ಹತ್ತಿರ ಇರಬಾರದಿತ್ತು, ಅಷ್ಟೇ. ಮುದುಕರು ಅವನ ಮುಖವನ್ನು ಒಮ್ಮೆ ನೋಡಿದರು. ಹೊರಗೆ ಕಾಯುತ್ತಿದ್ದ ಮಗಳ ಕಣ್ಣು ನೇರ ಅಲ್ಲಿಗೇ ಹೋಯಿತು. ‘ಅಪ್ಪಾ! ವಾಚು ಕಟ್ಕೊಂಡೇ ಒಳಗೆ ಹೋಗಿದ್ಯಾ? ಎಲ್ಲ ಬಿಚ್ಚು ಬಿಚ್ಚು ಅಂತ ಎಷ್ಟು ಸಲ ಹೇಳಿದ್ದೆ!’ ಕೈ ಹಿಡಿದು ನೋಡಿದಳು. ‘ನಿಂತೇಹೋಗಿದೆ.’

‘ನಾನು ಬಿಚ್ಚಿದ್ದೆ ಕಣಮ್ಮ,’ ಅಂದರು ಮುದುಕರು. ‘ಇವನ ಕೈಗೆ ಕೊಟ್ಟಿದ್ದೆ. ಇವನು ಕಟ್ಕೊಂಡಿದ್ದ. ಒಳಗೆ ನಾನು ಕೈ ಹಿಡ್ಕೊಂಡಾಗ ಇವನ ಕೈಮೇಲಿತ್ತು.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಬಲಗೈ ಎಡ ಮಣಿಕಟ್ಟನ್ನು ಮುಚ್ಚಿಕೊಂಡಿತು. ಆದರೆ ಮಗಳು ಅದನ್ನು ನೋಡಲಿಲ್ಲ. ಅವಳ ಮುಖ ಕೆಂಪಾಗಿತ್ತು, ಅಪ್ಪನಿಗಾಗಿ. ‘ಅಪ್ಪಾ, ಸಾಕು! ಹಾಗೆಲ್ಲ ಹೇಳಬಾರದು,’ ಎಂದು ದನಿ ತಗ್ಗಿಸಿ, ಇವನ ಕಡೆ ತಿರುಗಿ, ‘ಸಾರಿ ಸರ್. ದಯವಿಟ್ಟು ತಪ್ಪು ತಿಳ್ಕೋಬೇಡಿ. ಇತ್ತೀಚೆಗೆ ಎಲ್ಲರ ಮೇಲೂ ಅನುಮಾನ. ಮನೆಗೆಲಸಕ್ಕೆ ಬರೋಳು ಚಮಚ ಕದ್ದಳು ಅಂತಾರೆ, ನಾನು ಇವರ ಪಾಸ್‌ಬುಕ್ಕು ಬಚ್ಚಿಟ್ಟಿದೀನಿ ಅಂತಾರೆ,’ ಅಂದಳು. ಅವನ ಹತ್ತಿರ ಕ್ಷಮೆ ಕೇಳುತ್ತಿದ್ದಳು. ಕೈ ಮುಗಿಯುವುದೊಂದು ಬಾಕಿ.

‘ನೀನೇ ಹೇಳಪ್ಪಾ,’ ಅಂದರು ಮುದುಕರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ದಾರಿ ತಪ್ಪಿದವರು ಕೇಳುವ ಹಾಗೆ ಕೇಳಿದರು. ‘ನಿನ್ನ ಕೈಗೆ ಕೊಟ್ನೋ ಇಲ್ವೋ?’

ಒಂದು ಹೂಂ ಸಾಕಿತ್ತು. ಅದರ ಬದಲು ಅವನ ಬಾಯಿಂದ ಬಂದದ್ದು, ‘ನನಗೆ... ಸರಿಯಾಗಿ ನೆನಪಿಲ್ಲ ಸರ್.’

ನೆನಪಿಲ್ಲ! ಬೇರೆ ಯಾವ ಸುಳ್ಳೂ ಸಿಗಲಿಲ್ಲವೇ? ಮುದುಕರು ತುಟಿ ಬಿಗಿದುಕೊಂಡು ತಲೆಯಾಡಿಸಿದರು. ‘ಹಾಗಿದ್ರೆ ನಾನೇ ಮರೆತಿರಬೇಕು,’ ಅಂದರು ಮೆಲ್ಲಗೆ. ಮಗಳ ಹಿಂದೆ, ಅವಳು ತೋರಿಸಿದ ಕಡೆ ಹೋಗಿ ಕೂತರು.

ಮುಂದಿನ ರೋಗಿ ಮಂಡಿನೋವಿನ ಹೆಂಗಸು. ಕಿವಿಯೋಲೆ, ಬಳೆ, ಕ್ಲಿಪ್ಪು ಎಲ್ಲ ಬಿಚ್ಚಿ ಎಂದ. ತನ್ನ ದನಿ ತನಗೇ ಹೇಸಿಗೆಯಾಯಿತು. ಯಂತ್ರ ಬಡಿಯತೊಡಗಿದ ಮೇಲೆ ಫೋನು ಮಿನುಗಿತು. ವಾಚು ಮಾಡುವವನು ಬರೆದಿದ್ದ: ಪಟ್ಟಿ ಕತ್ತರಿಸಲೇ? ಕತ್ತರಿಸಿದ ಮೇಲೆ ಬೇರೆಯವರಿಗೆ ಆಗುವುದಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಎಂಥ ಒಳ್ಳೆಯ ಮನುಷ್ಯ. ಮುಖ ನೋಡದವನನ್ನು ನಂಬಿ ಕತ್ತರಿ ಹಿಡಿದು ಕೂತಿದ್ದಾನೆ. ಅವನು ಫೋನನ್ನು ಬೋರಲು ಹಾಕಿದ. ತಿಂಗಳುಗಟ್ಟಲೆ ಕಾಡಿದ್ದ ಆ ಎರಡು ವಾಚುಗಳಲ್ಲಿ ಒಂದೂ ಈಗ ಕಣ್ಣಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಆ ತಲೆಯಾಡಿಸಿದ ರೀತಿ. ಬೇರೆಯವರ ಮಾತಿಗೆ ಒಪ್ಪಿಕೊಂಡಿದ್ದಲ್ಲ ಅದು, ತಮ್ಮನ್ನೇ ಕೈಬಿಟ್ಟಿದ್ದು. ಹೇಗಿದ್ದರೂ ಕಾಯಿಲೆ ಇದೆ, ಇವತ್ತಲ್ಲ ನಾಳೆ ಮರೆಯುವವರೇ, ಚಿತ್ರದಲ್ಲೇ ಕಂಡಿತಲ್ಲ ಎಂದು ಒಳಗೊಬ್ಬ ವಾದ ಮಾಡುತ್ತಿದ್ದ. ಆ ವಾದಕ್ಕೆ ಷಡ್ಡಕನ ದನಿ ಇರಲಿಲ್ಲ, ತನ್ನದೇ ಇತ್ತು. ಮಂಡಿನೋವಿನ ಹೆಂಗಸನ್ನು ಕಳಿಸಿ, ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದ. ಹೋಗಿಬಿಟ್ಟಿರಲಿ ಅಂತಲೇ ಬಂದ. ಹೋಗಿರಲಿಲ್ಲ. ಚಿತ್ರಗಳ ಲಕೋಟೆಗಾಗಿ ಕಾಯುತ್ತಿದ್ದರು. ಮಗಳು ಕಂಬಕ್ಕೆ ಒರಗಿ ಗಂಡನಿಗಿರಬೇಕು ಫೋನಿನಲ್ಲಿ ಹೇಳುತ್ತಿದ್ದಳು: ‘ಇವತ್ತು ಇಲ್ಲಿ ಕೆಲಸ ಮಾಡೋರ ಮೇಲೇ ಹೊರಿಸಿಬಿಟ್ರು ರೀ. ನನಗೆ ತಲೆ ಎತ್ತಕ್ಕಾಗಲಿಲ್ಲ. ಇನ್ನು ಮನೇಲಿಟ್ಕೊಳ್ಳೋದು ಆಗಲ್ಲ. ಆವತ್ತು ನೋಡ್ಕೊಂಡು ಬಂದ್ವಲ್ಲ, ಆ ಜಾಗಕ್ಕೆ ಫೋನ್ ಮಾಡಿ, ಈ ವಾರವೇ ಸೇರಿಸೋಣ.’ ಮುದುಕರು ಕುರ್ಚಿಯಲ್ಲಿ ಕೂತು, ನಿಂತ ವಾಚನ್ನು ನೋಡುತ್ತಿದ್ದರು. ಎಲ್ಲ ಕೇಳಿಸುತ್ತಿತ್ತು ಅವರಿಗೆ.

ಅವನ ಕಾಲು ಹೇಗೆ ನಡೆಯಿತೋ. ‘ಮೇಡಂ, ಅವರು ಹೇಳಿದ್ದು ನಿಜ,’ ಅಂದ. ‘ವಾಚು ನನ್ನ ಕೈಗೇ ಕೊಟ್ಟಿದ್ರು. ನಾನು ಕಟ್ಕೊಂಡಿದ್ದೆ.’

ಮಗಳು ಫೋನನ್ನು ಎದೆಗೊತ್ತಿಕೊಂಡು ಅವನನ್ನು ನೋಡಿದಳು. ನೋಡನೋಡುತ್ತಾ ಅವಳ ಕಣ್ಣು ತುಂಬಿತು. ‘ಸರ್, ಅವರ ಸಮಾಧಾನಕ್ಕೆ ಹೀಗೆ ಹೇಳ್ತಿದೀರಿ ಅಂತ ಗೊತ್ತು. ಎಷ್ಟು ಒಳ್ಳೆಯವರು ನೀವು. ಇಂಥ ಮಾತು ಕೇಳಿದ ಮೇಲೂ...’

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇಲ್ಲಿಗೆ ನಿಲ್ಲಿಸಬಹುದಿತ್ತು: ಹೇಳಿದ್ದೂ ಆಯಿತು, ಒಳ್ಳೆಯವನೂ ಆದ, ಕೆಲಸವೂ ಉಳಿಯಿತು. ನಿಲ್ಲಿಸುವ ಆಸೆ ಎಷ್ಟಿತ್ತೆಂದರೆ ಅದಕ್ಕೇ ಅವನು ದನಿ ಏರಿಸಿದ. ‘ಇಲ್ಲ ಮೇಡಂ, ಕೇಳಿ. ನಾನು ಒಳ್ಳೆಯವನಲ್ಲ. ಅವರು ಒಳಗೆ ಮಲಗಿದ್ದಾಗ ಕಟ್ಕೊಂಡು ನೋಡ್ದೆ. ಅಂಥದ್ದೊಂದು ತಗೋಬೇಕು ಅಂತ ನನಗೆ ಹುಚ್ಚು. ಅವರು ಗಂಟೆ ಒತ್ತಿದ್ರು, ನಾನು ಅದನ್ನ ಕಟ್ಕೊಂಡೇ ಒಳಗೆ ಓಡಿದೆ, ಅದಕ್ಕೇ ನಿಂತುಹೋಯ್ತು. ಆಮೇಲೆ ಅವರಿಗೆ ಕಟ್ಟಿ ಕಳಿಸ್ದೆ. ನೆನಪಿಲ್ಲ ಅಂತ ಹೇಳಿದ್ದು ಸುಳ್ಳು. ಇವರಿಗೆ ಎಲ್ಲಿ ನೆನಪಿರುತ್ತೆ ಅಂದ್ಕೊಂಡೆ.’ ಕೌಂಟರಿನ ಹೆಂಗಸು ಬರೆಯುತ್ತಿದ್ದವಳು ತಲೆ ಎತ್ತಿದಳು. ಕಾಯುತ್ತಿದ್ದ ಜನ ತಿರುಗಿದರು. ರಿಪೋರ್ಟು ಬರೆಯುವ ಡಾಕ್ಟರಮ್ಮ ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತರು. ‘ರಿಪೇರಿ ನಾನೇ ಮಾಡಿಸಿಕೊಡ್ತೀನಿ, ಎಷ್ಟೇ ಆಗಲಿ,’ ಎಂದ. ಕೂಡಿಟ್ಟದ್ದು ಕೊನೆಗೂ ದೊಡ್ಡ ವಾಚಿಗೇ ಹೋಗುತ್ತದೆ ಎಂದು ಆ ಹೊತ್ತಿನಲ್ಲೂ ಹೊಳೆದು, ಹೊಳೆದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಮಗಳ ಮುಖದ ಮೇಲಿದ್ದ ಮೆದುವೆಲ್ಲ ಹೋಗಿತ್ತು. ಹೊಡೆಯುತ್ತಾಳೆ ಅಂದುಕೊಂಡ.

‘ಇನ್ನೊಂದ್ಸಲ ಹೇಳು,’ ಅಂದರು ಕುದುರೆ ಡಾಕ್ಟರು. ಎದ್ದು ನಿಂತಿದ್ದರು. ಬಾಗಿದ ಬೆನ್ನು ಅಷ್ಟೊಂದು ಬಾಗಿದಂತೆ ಕಾಣುತ್ತಿರಲಿಲ್ಲ. ‘ವಾಚು ಹಾಳಾಗಿ ಹೋಗಲಿ. ನಾನು ಬಿಚ್ಚಿ ಕೊಟ್ಟಿದ್ದೆ ಅಂದ್ಯಲ್ಲ, ಅದಷ್ಟನ್ನ ಇನ್ನೊಂದ್ಸಲ ಹೇಳು. ಅವಳಿಗೆ ಹೇಳು.’

‘ಬಿಚ್ಚಿ ಕೊಟ್ಟಿದ್ರು ಮೇಡಂ. ನನ್ನ ಕೈಯಲ್ಲಿಟ್ಟು ಬೆರಳು ಮಡಿಸಿದ್ರು. ಅವರಿಗೆ ಎಲ್ಲ ಸರಿಯಾಗಿ ನೆನಪಿತ್ತು.’

ಮಗಳು ಈಗ ಅವನನ್ನು ನೋಡುತ್ತಿರಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು, ಎಷ್ಟೋ ಕಾಲದ ಮೇಲೆ ಊರಿನಿಂದ ಬಂದವರನ್ನು ನೋಡುವ ಹಾಗೆ. ಎದೆಗೊತ್ತಿದ ಫೋನಿನಿಂದ ಗಂಡನ ದನಿ ಹಲೋ ಹಲೋ ಅನ್ನುತ್ತಿತ್ತು. ಅವಳು ಅದನ್ನು ಆರಿಸಿದಳು. ‘ಅಪ್ಪಾ,’ ಅಂದಳು. ‘ಹಾಗಾದ್ರೆ ಆ ಚಮಚದ್ದು... ಆವತ್ತು ಗ್ಯಾಸ್ ಆರಿಸದೆ ಹೋಗಿದ್ದು ನಾನೇ ಅಂತ ನನ್ನ ಮೇಲೇ ಹೇಳಿದ್ಯಲ್ಲ, ಅದೂ...’ ಮಾತು ಮುಗಿಸದೆ ಇವನ ಕಡೆ ತಿರುಗಿದಳು. ಸಿಟ್ಟು ಎಲ್ಲಿ ಹೋಯಿತೋ, ಮುಖದಲ್ಲಿ ಈಗ ಇದ್ದದ್ದು ಬೇರೆ. ‘ನೀವು ನೋಡಿದೀರಲ್ಲ ಒಳಗೆ, ಕಂಪ್ಯೂಟರಲ್ಲಿ. ಹಾಗಾದ್ರೆ ಏನೂ ಇಲ್ಲ ಅಲ್ವಾ? ಅಪ್ಪ ಚೆನ್ನಾಗೇ ಇದ್ದಾರಲ್ವಾ?’

‘ಕೇಳು ಕೇಳು,’ ಎಂದು ಮುದುಕರು ನಕ್ಕರು, ಗೆದ್ದವರ ನಗು. ‘ಇವನೀಗ ಸುಳ್ಳು ಹೇಳಲ್ಲ.’

ಅವನು ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮನ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು. ‘ರಿಪೋರ್ಟು ಡಾಕ್ಟರು ಕೊಡ್ತಾರೆ ಮೇಡಂ,’ ಅಂದ. ದಿನವೂ ಎಲ್ಲರಿಗೂ ಹೇಳುವ ಮಾತೇ ಅದು, ನಿಯಮವೂ ಅದೇ. ಮಗಳು ಸರಿ ಎಂದು ಒಪ್ಪಿಕೊಂಡು ಲಕೋಟೆ ತರಲು ಹೋದಳು. ಮುದುಕರು ಮಾತ್ರ ಕದಲಲಿಲ್ಲ. ಅವನ ಮುಖವನ್ನೇ ನೋಡುತ್ತಾ ನಿಂತರು, ನಗು ಇನ್ನೂ ತುಟಿಯ ಮೇಲಿದ್ದು ನಿಧಾನವಾಗಿ ಇಳಿಯಿತು. ಆಮೇಲೆ ಅವನ ಭುಜದ ಮೇಲೆ ಕೈಯಿಟ್ಟು, ಮಗಳಿಗೆ ಕೇಳಿಸದ ಹಾಗೆ, ‘ಅವಳಿಗೆ ಇವತ್ತು ಹೇಳಬೇಡ,’ ಅಂದರು.